ಬೀಗ ಹಾಕಿದ ಮನೆಯ ದೀಪ

ಆ ಊರನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ. ಮಧುಗಿರಿಯಿಂದ ಪಾವಗಡದ ಕಡೆ ಹೋಗುವ ದಾರಿಯಲ್ಲಿ ಬಂಡೆಯ ಬುಡಕ್ಕಿದ್ದ ಊರು. ಹೆಸರು ಬರೆದು ಅದಕ್ಕೆ ಮರ್ಯಾದೆ ಕೊಡುವ ಮನಸ್ಸು ನನಗಿಲ್ಲ. ಪ್ಲೇಗು ಹೇಗೆ ಹಬ್ಬುತ್ತದೆಂದು ತಿಳಿಯಲು ಬೆಂಗಳೂರಿನ ಪ್ರಯೋಗಶಾಲೆಯಿಂದ ನನ್ನನ್ನು ಅಲ್ಲಿಗೆ ಕಳಿಸಿದ್ದರು. ಸತ್ತ ಇಲಿಗಳನ್ನು ಕೊಯ್ದು ನೋಡುವುದು, ಅವುಗಳ ಮೈಮೇಲಿನ ಚಿಗಟಗಳನ್ನು ಸೀಸೆಗೆ ತುಂಬುವುದು ನನ್ನ ಕೆಲಸ. ಊರವರು ನನಗೆ ‘ಇಲಿ ಸಾಹೇಬ’ ಎಂದು ಹೆಸರಿಟ್ಟರು. ಸೀಸೆಯಲ್ಲಿ ಪ್ಲೇಗು ತಂದವನೇ ನಾನು ಎಂದು ಪುಕಾರು ಹಬ್ಬಿಸಿದರು. ನಾನು ನೀರಿಗೆ ಹೋದರೆ ಬಾವಿಯ ಹಗ್ಗ ಎತ್ತಿಕೊಂಡು ನಡೆದುಬಿಡುತ್ತಿದ್ದರು. ಅವರ ಮೇಲೆ ನನಗೂ ಪ್ರೀತಿ ಉಕ್ಕುತ್ತಿರಲಿಲ್ಲ.

ಇಲಿ ಸತ್ತು ಬಿದ್ದರೆ ಊರು ಬಿಡಬೇಕೆಂಬುದು ಮಾತ್ರ ಅವರಿಗೆ ಗೊತ್ತಿತ್ತು. ಮನೆಗಳಿಗೆ ಬೀಗ ಜಡಿದು, ದನಕರು, ಕಾಳುಕಡ್ಡಿ ಸಮೇತ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಲ್ಲಿ ನಾನಿಟ್ಟ ಬೋನುಗಳಿಗೆ ಒಂದು ಇಲಿಯೂ ಬೀಳಲಿಲ್ಲ. ಆದರೂ ಸಾವು ನಿಲ್ಲಲಿಲ್ಲ. ಪಟೇಲಿಕೆ ಮಾಡುತ್ತಿದ್ದ ಗೌಡನ ಹಿರಿಸೊಸೆ ತೊಡೆಸಂದಿನಲ್ಲಿ ಗಡ್ಡೆ ಎದ್ದು ಹೋದಳು. ಬೇರೆ ಗುಡಿಸಲುಗಳಲ್ಲಿ ಸತ್ತವರೂ ಸೊಸೆಯರೇ. ಗಂಡಸರಿಗಾಗಲಿ ಅತ್ತೆಯರಿಗಾಗಲಿ ಒಂದು ಜ್ವರವೂ ಇಲ್ಲ! ಯಾಕೆ ಹೀಗೆ ಎಂದು ಕೇಳಿದರೆ ಬೆನ್ನು ತಿರುಗಿಸಿ ಹೋಗುತ್ತಿದ್ದರು.

ಒಂದು ಸಂಜೆ ಗೌಡನ ಕಿರಿಸೊಸೆ ಎಣ್ಣೆಬತ್ತಿ ಹಿಡಿದು ಖಾಲಿ ಊರಿನ ಕಡೆ ಹೊರಟಿದ್ದಳು. ವೈ.ಎನ್.ಹೊಸಕೋಟೆ ಕಡೆಯ ಹುಡುಗಿ, ಮದುವೆಯಾಗಿ ವರ್ಷ ತುಂಬಿರಲಿಲ್ಲ.

“ಊರೊಳಗೆ ಯಾಕಮ್ಮ ಹೋಗ್ತೀಯ?” ಎಂದೆ.

“ಮನೆದ್ಯಾವ್ರಿಗೆ ದೀಪ ಹಚ್ಚಬ್ಯಾಡ್ವಾ ಸ್ವಾಮಿ? ಅಕ್ಕ ಹಚ್ಚೋಳು. ಅಕ್ಕ ಹೋದ್ಮ್ಯಾಲೆ ನಾನೇ ಕಣ್ರೀ.”

ಸೊಸೆಯರೇ ಯಾಕೆ ಸಾಯುತ್ತಿದ್ದಾರೆಂದು ಆಗ ತಿಳಿಯಿತು. ತಾವು ಊರು ಬಿಟ್ಟು ಬಂದವರು, ದೇವರು ಕತ್ತಲಲ್ಲಿ ಕೂರಬಾರದೆಂದು ಸೊಸೆಯನ್ನು ದಿನವೂ ಬರಿಗಾಲಲ್ಲಿ ಅದೇ ಮನೆಯೊಳಕ್ಕೆ ಅಟ್ಟುತ್ತಿದ್ದರು! ಪ್ಲೇಗಿನಿಂದ ಇಲಿ ಸತ್ತ ಮೇಲೆ ಆ ವಿಷ ಹೊತ್ತ ಚಿಗಟ ಹಸಿದು ಕಾಯುತ್ತದೆ. ಯಾರ ಕಾಲಾದರೂ ಅದಕ್ಕೆ ಸರಿಯೇ. ಹುಡುಗಿಯಿಂದ ಬೀಗದಕೈ ಇಸಿದುಕೊಂಡು ಅವಳನ್ನು ಹಿಂದಕ್ಕೆ ಕಳಿಸಿ, ಚಿಗಟ ಹತ್ತದಂತೆ ಕಾಲಿಗೆ ಸೀಮೆಎಣ್ಣೆ ಬಳಿದುಕೊಂಡು ನಾನೇ ಒಳಹೊಕ್ಕೆ. ಪರೀಕ್ಷೆಗೆಂದು ಸಾಕಿದ್ದ ಬಿಳಿ ಇಲಿಯೊಂದನ್ನು ಪಂಜರ ಸಮೇತ ದೇವರಗೂಡಿನ ಕೆಳಗೆ ಇಟ್ಟು ಬಂದೆ. ಬೆಳಗ್ಗೆ ನೋಡಿದರೆ ಅದರ ಮೈತುಂಬ ಚಿಗಟ.

ಪಂಜರವನ್ನು ಗೌಡನ ಮುಂದೆ ಹಿಡಿದೆ. “ಸೊಸೆಯನ್ನು ಆ ಮನೆಗೆ ಕಳಿಸಬೇಡಿ ಗೌಡರೇ. ದೇವರನ್ನೇ ಇಲ್ಲಿಗೆ ತನ್ನಿ.”

“ತಾತಮುತ್ತಾತನ ಕಾಲದಿಂದ ಕೂತಿರೋ ದ್ಯಾವ್ರು. ಅಲ್ಲಾಡ್ಸಿದ್ರೆ ಮನೆ ಉಳೀತದಾ? ನಿಮ್ಮ ಚಿಗಟದ ಪುರಾಣ ಬೆಂಗ್ಳೂರಾಗೆ ಹೇಳ್ಕಳಿ.”

“ಹಾಗಾದರೆ ನೀವೇ ಹೋಗಿ ಹಚ್ಚಿ.”

“ಹೆಣ್ಮಕ್ಕಳಿರೋ ಮನ್ಯಾಗೆ ಗಂಡುಸ್ರು ದೀಪ ಹಚ್ತಾರೇನ್ರೀ?”

“ಅವಳ ಕಾಲಿಗೆ ಈ ಸೀಮೆಎಣ್ಣೆಯನ್ನಾದರೂ ಹಚ್ಚಿ ಕಳಿಸಿ.”

“ನಾರೋ ಕಾಲಲ್ಲಿ ದ್ಯಾವ್ರ ಮುಂದೆ ನಿಲ್ಲೋದಾ? ಬುಡಿ ಬುಡಿ, ಮೈಲ್ಗೆ.” ಸುತ್ತ ಕೂತವರು ಹೋ ಎಂದು ನಕ್ಕರು. ಆ ನಗುವನ್ನು ನಾನು ಈಗಲೂ ಕ್ಷಮಿಸಿಲ್ಲ.

ಊರೊಳಗಿನ ಗೌಡನ ಮನೆಗೆ ನನ್ನದೊಂದು ಬೀಗ ಜಡಿದೆ. ಮರುದಿನ ಅದು ಜಜ್ಜಿಹೋಗಿ ನನ್ನ ಡೇರೆಯ ಮುಂದೆ ಬಿದ್ದಿತ್ತು. ಗಾಡಿ ಕಟ್ಟಿಸಿಕೊಂಡು ಮಧುಗಿರಿಗೆ ಹೋಗಿ ತಾಲ್ಲೂಕಿನ ಅಮಲ್ದಾರರಿಗೆ ಹೇಳಿದೆ. “ದೇವರ ವಿಷಯ ನೋಡಿ, ನಯವಾಗಿ ತಿಳಿಸಿ ಹೇಳಿ,” ಎಂದು ಅವರು ನನಗೇ ಬುದ್ಧಿ ಹೇಳಿ ಕಳಿಸಿದರು. ನಾನು ವಾಪಸು ಬರುವಷ್ಟರಲ್ಲಿ ಹುಡುಗಿ ಚಾಪೆ ಹಿಡಿದಿದ್ದಳು. ಅವಳ ತಾಯಿ ಬರುವವರೆಗೂ ಜೀವ ನಿಲ್ಲಲಿಲ್ಲ.

ಗೌಡನಿಗೆ ಇನ್ನೊಬ್ಬ ಸೊಸೆ ಇರಲಿಲ್ಲ. ಹೆಂಡತಿಗೆ ಮಂಡಿನೋವು, ನಡೆಯಲಾರಳು. ಇನ್ನು ದೀಪ ಹಚ್ಚಬೇಕಾದರೆ ಅವನೇ ಹೋಗಬೇಕು. ಆಗ ನೋಡಿ, ಅವನಿಗೊಂದು ಕನಸು ಬಿತ್ತು! ‘ನನ್ನನ್ನು ಗುಡಿಸಲಿಗೆ ಕರೆದುಕೊಂಡು ಹೋಗು’ ಎಂದು ದೇವರೇ ಬಂದು ಹೇಳಿತಂತೆ. ದೇವರನ್ನು ಎತ್ತಿ ತರಲು ಅಪ್ಪ ಮಕ್ಕಳು ಒಂದೇ ಒಂದು ಸಲ ಆ ಮನೆಯೊಳಗೆ ಕಾಲಿಡಬೇಕಾಯಿತು. ಹೊರಡುವ ಮುಂಚೆ ಗೌಡ ನನ್ನ ಡೇರೆಗೆ ಬಂದು, ನೆಲ ನೋಡುತ್ತ, ಸೀಮೆಎಣ್ಣೆ ಕೇಳಿದ.

ಥೂ ಎಂದು ಮುಖಕ್ಕೆ ಉಗಿಯಬೇಕೆನ್ನಿಸಿತು. ಆದರೂ ಡಬ್ಬಿ ಕೊಟ್ಟೆ. ಇಲ್ಲವೆಂದರೆ ಅವನಿಗೂ ನನಗೂ ವ್ಯತ್ಯಾಸವೇನು? ಅಪ್ಪ ಮಕ್ಕಳು ಮಂಡಿಯವರೆಗೂ ಧಾರಾಳವಾಗಿ ಬಳಿದುಕೊಂಡರು.

ಸಂಜೆ ಗುಡಿಸಲಿನಲ್ಲಿ ದೇವರನ್ನು ಕೂರಿಸಿ ಗೌಡ ತಾನೇ ದೀಪ ಹಚ್ಚಿದ. ಹುಡುಗಿಯ ತಾಯಿ ಮೂಲೆಯಲ್ಲಿ ಕೂತಿದ್ದಳು. ತೆಲುಗೂ ಕನ್ನಡವೂ ಕಲೆಸಿ ಅಳುತ್ತಿದ್ದಳು. ಗೌಡ ಹತ್ತಿರ ಬಂದಾಗ ಮೂಗಿಗೆ ವಾಸನೆ ಬಡಿದು ತಲೆ ಎತ್ತಿದಳು.

“ಏನ್ ಬೀಗ್ರೇ, ಕಾಲು ಸೀಮೆಎಣ್ಣೆ ನಾರ್ತೈತೆ?”

“ಹಚ್ಕಂಡ್ರೆ ಚಿಗಟ ಕಡಿಯಾಕಿಲ್ವಂತೆ ಕಣಮ್ಮ,” ಎಂದ.

“ನನ್ ಮಗ್ಳಿಗೂ ಹಚ್ಚಿದ್ರಾ?”