ಹೆದರಿಕೆ ತಿಂದ ಜಾಗ

ಮನೆಗೆ ಬೀಗ ಹಾಕಿದ ಮೇಲೆ ನಾನು ಅದನ್ನು ಮೂರು ಸಲ ಎಳೆದು ನೋಡುತ್ತೇನೆ. ಮೆಟ್ಟಿಲಿಳಿದು ಗೇಟಿನವರೆಗೆ ಹೋದಾಗ ಗ್ಯಾಸ್ ಆರಿಸಿದ್ದೆನೋ ಇಲ್ಲವೋ ಎಂಬ ಅನುಮಾನ ಬರುತ್ತದೆ. ಮತ್ತೆ ಹತ್ತಿ ಬಂದು, ಗ್ಯಾಸ್ ನೋಡಿ, ಹೊರಟು, ಬೀಗವನ್ನು ಮತ್ತೆ ಮೂರು ಸಲ ಎಳೆಯುತ್ತೇನೆ. ಆರ್‌ಪಿಸಿ ಲೇಔಟಿನ ನಮ್ಮ ಎದುರು ಮನೆಯ ಆಂಟಿ ಒಮ್ಮೆ, "ಏನಮ್ಮಾ, ಬೀಗ ಹೊಸದಾ? ಇನ್ನೂ ಪಳಗಿಲ್ವಾ?" ಎಂದು ಕೇಳಿದ್ದರು. ಬೀಗ ಹಳೆಯದು, ಪಳಗದವಳು ನಾನು ಎಂದು ಹೇಳಲು ನಾಚಿಕೆಯಾಗಿ ನಕ್ಕು ಬಸ್ಸಿಗೆ ಓಡಿದ್ದೆ.

ಇಂಥವಳು ಯಾವುದಾದರೂ ಗ್ರಂಥಾಲಯದಲ್ಲಿ ಪುಸ್ತಕಕ್ಕೆ ಮುದ್ರೆ ಒತ್ತಿಕೊಂಡಿದ್ದರೆ ಲೋಕಕ್ಕೆ ಏನೂ ತೊಂದರೆಯಿರಲಿಲ್ಲ. ಆದರೆ ಆಗ ನಾನು ಮಾಡುತ್ತಿದ್ದುದು ಬೂಟ್‌ಲೋಡರ್ ಬರೆಯುವ ಕೆಲಸ. ಹೆಸರು ದೊಡ್ಡದು, ಸಂಗತಿ ಸಣ್ಣದು. ಯಂತ್ರಕ್ಕೆ ಕರೆಂಟು ಕೊಟ್ಟಾಗ ಅದರೊಳಗೆ ಎಲ್ಲರಿಗಿಂತ ಮೊದಲು ಏಳುವ ಪುಟ್ಟ ಪ್ರೋಗ್ರಾಮು ಅದು. ಮನೆಯಲ್ಲಿ ಮೊದಲು ಎದ್ದವರು ಬಾಗಿಲು ತೆಗೆದು, ಹಾಲು ಕಾಯಲಿಟ್ಟು, ಉಳಿದವರನ್ನು ಎಬ್ಬಿಸುವ ಹಾಗೆ ಅದು ಮೆಮೊರಿಯನ್ನು ಎಬ್ಬಿಸಿ, ದೊಡ್ಡ ಸಾಫ್ಟ್‌ವೇರನ್ನು ಕರೆದು, ಯಜಮಾನಿಕೆ ಒಪ್ಪಿಸಿ ಪಕ್ಕಕ್ಕೆ ಸರಿಯುತ್ತದೆ. ಅದನ್ನು ಯಾರೂ ನೆನೆಯುವುದಿಲ್ಲ. ಆದರೆ ಅದು ಏಳದ ದಿನ ಮನೆಯೇ ಏಳುವುದಿಲ್ಲ. ಬೂಟ್‌ಲೋಡರ್ ಕೆಟ್ಟು ಸತ್ತುಹೋದ ಬೋರ್ಡಿಗೆ ನಮ್ಮ ಕಸುಬಿನವರು ‘ಇಟ್ಟಿಗೆ’ ಎನ್ನುತ್ತಾರೆ. ಇಟ್ಟಿಗೆಯಿಂದ ಮನೆಯನ್ನಾದರೂ ಕಟ್ಟಬಹುದು, ಇದರಿಂದ ಅದೂ ಆಗದು.

ನಮ್ಮ ಕಂಪನಿ ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತ್ ಅಂಗಡಿಯ ಮೇಲಿತ್ತು. ಕೆಳಗೆ ಕಬ್ಬಿಣ ಕೊರೆದರೆ ಮೇಲೆ ನಮ್ಮ ಚಹಾ ಅಲುಗುತ್ತಿತ್ತು. ಮಾಲೀಕರು ರಂಗನಾಥ್ ಸಾರ್. ಅವರ ಮೇಜಿನ ಹಿಂದೆ ಒಂದು ಗಾಜಿನ ಬೀರು. ಬೇರೆ ಕಂಪನಿಗಳಲ್ಲಿ ಅಂಥ ಕಡೆ ಬಹುಮಾನದ ಫಲಕಗಳಿರುತ್ತವೆ, ನಮ್ಮಲ್ಲಿ ಇಟ್ಟಿಗೆಗಳಿದ್ದವು. ಬೋರ್ಡು ಸತ್ತರೆ ಅದರ ಮೇಲೆ ಕೊಂದವರ ಹೆಸರಿನ ಚೀಟಿ ಅಂಟಿಸಿ, ಅರಿಶಿನ ಕುಂಕುಮ ಇಟ್ಟು, ಅಲ್ಲಿ ಕೂರಿಸುವುದು ನಮ್ಮ ಆಫೀಸಿನ ಸಂಪ್ರದಾಯ. ನನ್ನ ಹೆಸರಿನವು ಎರಡಿದ್ದವು. ಸಾರ್ ಹೆಸರಿನವು ಐದು. ಅದನ್ನು ತೋರಿಸಿ ಅವರು ಹೊಸಬರಿಗೆ ಧೈರ್ಯ ಹೇಳುತ್ತಿದ್ದರು. ನನಗೆ ಮಾತ್ರ ಆ ಬೀರು ಕಂಡಾಗಲೆಲ್ಲ ಬಾಯಿ ಒಣಗುತ್ತಿತ್ತು.

ನಾವು ಮಾಡುತ್ತಿದ್ದುದು ಕಣ್ಣು ಕಾಣದವರಿಗಾಗಿ ದನಿ ಹಿಡಿದಿಡುವ ಯಂತ್ರ. ಸೋಪಿನ ಡಬ್ಬಿಯಷ್ಟು ಗಾತ್ರ, ಮೇಲೆ ಐದು ಗುಂಡಿ. ಪರೀಕ್ಷೆಗೆಂದು ಮೊದಲು ಕೆಲವರಿಗೆ ಕೊಟ್ಟಿದ್ದೆವು. ಅವರಲ್ಲಿ ಒಬ್ಬರು ಲಗ್ಗೆರೆಯ ಈರಣ್ಣ. ಬಾಗಲಕೋಟೆಯ ಕಡೆಯವರು, ಹುಟ್ಟಿನಿಂದ ಕಣ್ಣು ಕಾಣದು, ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದರು. ಅವರ ವಠಾರದ ಗಾರ್ಮೆಂಟ್ಸ್ ಕೆಲಸದ ಹೆಂಗಸೊಬ್ಬರು ದಿನಾ ಶಿಫ್ಟ್ ಮುಗಿಸಿ ಬಂದು, ಅಡುಗೆ ಮಾಡುತ್ತ ಮಾಡುತ್ತ ಪಾಠಗಳನ್ನು ಜೋರಾಗಿ ಓದುತ್ತಿದ್ದರಂತೆ. ಈರಣ್ಣ ಯಂತ್ರದಲ್ಲಿ ಹಿಡಿದಿಡುತ್ತಿದ್ದರು. "ಎರಡನೇ ಸೀಟಿ ಹೊಡದ ಮ್ಯಾಲೆ ಕದಂಬರು ಬರ್ತಾರ್ರಿ" ಎಂದು ಅವರು ಕುಕ್ಕರಿನ ಲೆಕ್ಕದಲ್ಲಿ ರಾಜವಂಶಗಳನ್ನು ಗುರುತಿಟ್ಟುಕೊಂಡಿದ್ದರು.

ಪರೀಕ್ಷೆಗೆ ಹನ್ನೊಂದು ದಿನವಿದ್ದಾಗ ಅವರು ಯಂತ್ರವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಂದರು.

"ಅಕ್ಕಾರ, ಇದು ನಿನ್ನಿಯಿಂದ ಮಾತಾಡವಲ್ದು. ಒಳಗ ನನ್ನ ವರ್ಷದ ಓದು ಐತ್ರಿ. ಓದಿ ಹೇಳಿದಾಕಿ ಹೆರಿಗಿಗೆ ಊರಿಗೆ ಹೋಗ್ಯಾಳ. ಮತ್ತೊಮ್ಮೆ ಓದಸೂದು ಆಗೂದಿಲ್ಲ."

ತೆರೆದು ನೋಡಿದೆವು. ದೊಡ್ಡ ಸಾಫ್ಟ್‌ವೇರ್ ಕೆಟ್ಟಿತ್ತು, ಬೂಟ್‌ಲೋಡರ್ ಬದುಕಿತ್ತು. ಬೆಳಿಗ್ಗೆ ಎದ್ದು ಎಬ್ಬಿಸಲು ಹೋದರೆ ಯಾರೂ ಏಳುತ್ತಿಲ್ಲ ಎಂದು ಅದು ಬಾಗಿಲಲ್ಲೇ ಕೂತಿತ್ತು. ಹೊಸ ಸಾಫ್ಟ್‌ವೇರ್ ಹಾಕೋಣವೆಂದರೆ ಅದು ಮೊದಲು ಇಡೀ ಮನೆ ಗುಡಿಸಿ ತೊಳೆದು ಆಮೇಲೆ ಒಳಗೆ ಕಾಲಿಡುವ ಸ್ವಭಾವದ್ದು. ಕದಂಬರೂ ಗಂಗರೂ ಗುಡಿಸಿಹೋಗುತ್ತಿದ್ದರು. ಬೂಟ್‌ಲೋಡರಿಗೆ ಗೊತ್ತಿದ್ದುದು ಸೀರಿಯಲ್ ಪೋರ್ಟ್ ಎಂಬ ಹಳೆಯ ಕಿರಿದಾದ ದಾರಿ ಒಂದೇ. ಅದರಲ್ಲಿ ಹನಿ ಹನಿಯಾಗಿ ದನಿ ಹೊರಗೆ ಬರುವಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತಿತ್ತು. ಉಳಿದದ್ದು ಒಂದೇ ಉಪಾಯ. ಬೂಟ್‌ಲೋಡರಿಗೇ ಯುಎಸ್‌ಬಿ ಕಲಿಸುವುದು. ಆಗ ಕೇಬಲ್ ಚುಚ್ಚಿದರೆ ಯಂತ್ರ ಕಂಪ್ಯೂಟರಿಗೆ ಪೆನ್ ಡ್ರೈವಿನ ಹಾಗೆ ಕಾಣುತ್ತದೆ, ದನಿಗಳನ್ನೆಲ್ಲ ಎತ್ತಿಕೊಳ್ಳಬಹುದು. ಆದರೆ ಅದಕ್ಕೆ ಇರುವ ಬೂಟ್‌ಲೋಡರನ್ನು ಅಳಿಸಿ ಹೊಸದನ್ನು ಬರೆಯಬೇಕು. ತಪ್ಪಿದರೆ ಇಟ್ಟಿಗೆ, ಇಟ್ಟಿಗೆಯೊಳಗೆ ಒಬ್ಬರ ಒಂದು ವರ್ಷ.

"ನೀನೇ ಮಾಡಮ್ಮಾ. ಹೆದರೋವ್ರು ಜಾಸ್ತಿ ಹುಷಾರಾಗಿರ್ತಾರೆ" ಎಂದರು ರಂಗನಾಥ್ ಸಾರ್. ಅದು ಹೊಗಳಿಕೆಯೋ ಶಿಕ್ಷೆಯೋ ನನಗೆ ಇಂದಿಗೂ ಗೊತ್ತಾಗಿಲ್ಲ.

ಯುಎಸ್‌ಬಿಯಲ್ಲಿ ಎರಡು ಪಾತ್ರಗಳು. ಒಂದು ಕೇಳುವುದು, ಇನ್ನೊಂದು ಉತ್ತರಿಸುವುದು. ಕೇಳುವ ಹಕ್ಕು ಕಂಪ್ಯೂಟರಿನದು. ಕೇಬಲ್ ತಾಗಿದ ಕೂಡಲೇ ಅದು ಶುರು ಮಾಡುತ್ತದೆ. ಯಾರಪ್ಪಾ ನೀನು? ಯಾವ ಮನೆಯವನು? ಏನು ಕೆಲಸ ಬರುತ್ತದೆ? ನಿನಗೆ ಎಷ್ಟು ಕರೆಂಟು ಬೇಕು? ಮದುವೆ ಮನೆಯಲ್ಲಿ ಕಂಬಕ್ಕೊರಗಿ ಕೂತ ಹಿರಿಯರು ಎದುರಿಗೆ ಸಿಕ್ಕವರನ್ನು ವಿಚಾರಿಸುವ ಕ್ರಮವೇ ಇದು. ಕೇಳಿದ್ದಕ್ಕೆ ಥಟ್ಟನೆ, ಕೇಳಿದಷ್ಟೇ ಉತ್ತರ ಕೊಡಬೇಕು. ತಡವರಿಸಿದರೆ ಪರದೆಯ ಮೂಲೆಯಲ್ಲಿ ಹಳದಿ ಗುರುತು ಬಂದು, ಇದು ಯಾರೋ ಗೊತ್ತಾಗಲಿಲ್ಲ ಎಂದು ಸಾರುತ್ತದೆ. ಈ ಉತ್ತರಗಳನ್ನೆಲ್ಲ ಮೊದಲೇ ಒಂದು ಕಾನ್ಫಿಗ್ ಫೈಲಿನಲ್ಲಿ ಬರೆದಿಡಬೇಕು. ಯುಎಸ್‌ಬಿ ಇದೆ ಎಂಬುದಕ್ಕೆ ಒಂದು ಸಾಲು, ಉತ್ತರಿಸುವ ಪಾತ್ರ ನಮ್ಮದು ಎಂಬುದಕ್ಕೆ ಒಂದು, ಹೆಸರಿಗೆ, ಗುರುತಿನ ಸಂಖ್ಯೆಗೆ, ಚಿಪ್ಪಿನೊಳಗಿನ ಗಡಿಯಾರದ ವೇಗಕ್ಕೆ ಒಂದೊಂದು. ಒಂದು ಸಾಲು ಬಿಟ್ಟರೂ ಯಂತ್ರ ಮೂಗನ ಹಾಗೆ ನಿಲ್ಲುತ್ತದೆ. ನಮ್ಮ ಆಫೀಸಿನ ಮೇಜಿನ ಮೇಲೆ ಅಂಥದೇ ಇನ್ನೊಂದು ಖಾಲಿ ಬೋರ್ಡಿತ್ತು. ಅದರ ಮೇಲೆ ಪ್ರಯೋಗ ಶುರು ಮಾಡಿದೆ. ನಾಲ್ಕು ದಿನ ಹಳದಿ ಗುರುತನ್ನೇ ನೋಡಿದೆ.

ನನ್ನಂಥವರು ಕಗ್ಗತ್ತಲ ದಾರಿಯಲ್ಲಿ ಹಾಡಿಕೊಳ್ಳುತ್ತೇವಲ್ಲ, ಪ್ರೋಗ್ರಾಮಿನಲ್ಲೂ ಹಾಗೆಯೇ ಮಾಡಿದೆ. ಸಾಲು ಸಾಲಿಗೂ ಅದು ನನ್ನ ಪರದೆಗೆ ಒಂದು ಸಂದೇಶ ಕಳಿಸುವಂತೆ ಬರೆದೆ. ‘ಇಲ್ಲಿಗೆ ಬಂದೆ.’ ‘ಈ ತಿರುವೂ ದಾಟಿದೆ.’ ‘ಇನ್ನೂ ಬದುಕಿದ್ದೇನೆ.’ ಮೊದಲು ಹತ್ತೇ ಇದ್ದವು, ನಾಲ್ಕನೆಯ ದಿನಕ್ಕೆ ಇನ್ನೂರು ದಾಟಿದವು. ರಂಗನಾಥ್ ಸಾರ್ ಪರದೆ ನೋಡಿ, "ಇದೇನಮ್ಮಾ, ಬೂಟ್‌ಲೋಡರೋ, ಹಾಸ್ಟೆಲ್‌ಗೆ ಹೋದ ಮಗಳು ಬರೆದ ಕಾಗದವೋ?" ಎಂದರು. ನಾನು ಒಂದನ್ನೂ ತೆಗೆಯಲಿಲ್ಲ. ಐದನೆಯ ದಿನ ಬೋರ್ಡು ಕಂಪ್ಯೂಟರಿನಲ್ಲಿ ಖಾಲಿ ಡ್ರೈವ್ ಆಗಿ ಕಾಣಿಸಿತು. ಖಾಲಿ ಬೋರ್ಡು ಖಾಲಿಯಾಗಿಯೇ ಕಾಣಬೇಕಲ್ಲವೇ ಎಂದು ಸಮಾಧಾನಪಟ್ಟೆ.

ನಮ್ಮ ಅಲಂಕಾರಶಾಸ್ತ್ರದವರು ಭಯಕ್ಕೂ ಒಂದು ರಸದ ಪದವಿ ಕೊಟ್ಟಿದ್ದಾರೆ. ಕೈಕಾಲು ನಡುಗುವುದು, ಬಾಯಿ ಒಣಗುವುದು, ಸ್ವರ ಬದಲಾಗುವುದು ಎಂದು ಲಕ್ಷಣಗಳನ್ನೂ ಪಟ್ಟಿ ಮಾಡಿದ್ದಾರೆ. ಜೊತೆಗೆ, ಇದು ಹೆಂಗಸರಿಗೂ ಕೀಳು ಜನಕ್ಕೂ ಸಹಜವೆಂದು ಒಂದು ಮಾತು ಸೇರಿಸಿದ್ದಾರೆ. ಆ ಪಂಡಿತರನ್ನು ಒಂದು ದಿನ ನನ್ನ ಕುರ್ಚಿಯಲ್ಲಿ ಕೂರಿಸಬೇಕೆಂದು ನನ್ನ ಆಸೆ. ಪುಸ್ತಕದಲ್ಲಿ ಭಯ ಬರುವುದು ಹುಲಿಯಿಂದ, ಭೂತದಿಂದ, ಪಾಳುಮನೆಯಿಂದ. ಹಗಲು ಹನ್ನೊಂದು ಗಂಟೆಗೆ, ಟ್ಯೂಬ್‌ಲೈಟಿನ ಕೆಳಗೆ, ಒಂದು ಸೋಪಿನ ಡಬ್ಬಿಯಿಂದ ಹುಟ್ಟುವ ಭಯ ಅವರ ಪಟ್ಟಿಯಲ್ಲಿಲ್ಲ. ಹುಲಿಯಾದರೆ ನನ್ನನ್ನು ಮಾತ್ರ ತಿನ್ನುತ್ತದೆ. ಇಲ್ಲಿ ನನ್ನ ತಪ್ಪು ಇನ್ನೊಬ್ಬರನ್ನು ತಿನ್ನುವುದಿತ್ತು.

ಶನಿವಾರ ಬೆಳಿಗ್ಗೆ ಮಾಡುವುದೆಂದು ನಿಶ್ಚಯವಾಯಿತು. ನಾನೂ ಬರುತ್ತೇನೆ ಎಂದು ಈರಣ್ಣ ಹಟ ಹಿಡಿದರು. ಕಾರ್ಡ್ ರೋಡಿನ ಆ ಬದಿಯ ಬಸ್ ಸ್ಟಾಪಿಗೆ ಹೋಗಿ ಅವರನ್ನು ಕರೆತರಬೇಕಿತ್ತು. ಅವರು ನನ್ನ ಮೊಣಕೈ ಹಿಡಿದರು. ನಾನು ಒಂದು ಹೆಜ್ಜೆ ಮುಂದಿಟ್ಟೆ, ಎರಡು ಹಿಂದಿಟ್ಟೆ.

"ಅಕ್ಕಾರ, ನೀವ್ಯಾಕ ನಡಗಾಕತ್ತೀರಿ? ಲಾರಿ ದೂರ ಐತಿ, ಸಪ್ಪಳ ಕೇಳ್ರಿ. ಈಗ ನಡೀರಿ." ಹಾಗೆ ಅವರೇ ನನ್ನನ್ನು ರಸ್ತೆ ದಾಟಿಸಿದರು.

ಮೇಜಿನ ಬಳಿ ಕೂತು, ಏನೇನು ಮಾಡುತ್ತೇನೆ ಎಂದು ಅವರಿಗೆ ಹೇಳಿದೆ. ಯಂತ್ರದ ನೆನಪು ಒಂದು ಸಾಲು ಕೋಣೆಗಳಿದ್ದಂತೆ. ಬಾಗಿಲ ಪಕ್ಕದ ಮೊದಲ ಸಣ್ಣ ಕೋಣೆ ಬೂಟ್‌ಲೋಡರಿನದು. ಅದಕ್ಕೆ ಅಂಟಿದ ಎರಡನೆಯದರಲ್ಲಿ ನಿಮ್ಮ ದನಿಗಳ ಪಟ್ಟಿ, ಯಾವುದು ಎಲ್ಲಿದೆ ಎಂಬ ವಿವರ. ಆಮೇಲಿನ ಕೋಣೆಗಳಲ್ಲಿ ದನಿಗಳು. ನಾನು ಮೊದಲ ಕೋಣೆಯ ಹಳಬನನ್ನು ಕಳಿಸಿ ಹೊಸಬನನ್ನು ಕೂರಿಸುತ್ತೇನೆ. ಹೊಸಬನಿಗೆ ವಿದ್ಯೆ ಜಾಸ್ತಿ, ಹಾಗಾಗಿ ಸ್ವಲ್ಪ ದಪ್ಪ. ಇಷ್ಟು ಹೇಳಿ ಆಜ್ಞೆಯನ್ನು ಟೈಪ್ ಮಾಡಿ ಬೆರಳನ್ನು ಎಂಟರ್ ಕೀಲಿಯ ಮೇಲಿಟ್ಟೆ.

"ದಪ್ಪ ಅಂದ್ರಿ" ಎಂದರು ಈರಣ್ಣ. "ಆ ಖೋಲಿಯೊಳಗ ಹಿಡಸ್ತಾನೇನ್ರಿ?"

ಬೆರಳು ಅಲ್ಲೇ ನಿಂತಿತು. ಹಿಡಿಸದೆ ಏನು ಎನ್ನಲು ಬಾಯಿ ತೆರೆದವಳು ಅಳತೆ ನೋಡಿದೆ. ಕೋಣೆ ನೂರ ಇಪ್ಪತ್ತೆಂಟು ಕಿಲೋಬೈಟ್. ನನ್ನ ಬೂಟ್‌ಲೋಡರ್ ನೂರ ಮೂವತ್ತೊಂದು. ಎಂಟರ್ ಒತ್ತಿದ್ದರೆ ಅದು ಮೂರು ಕಿಲೋಬೈಟಿನಷ್ಟು ಪಕ್ಕದ ಕೋಣೆಗೆ ನುಗ್ಗಿ, ಪಟ್ಟಿಯನ್ನು ತುಳಿದು ಕೂರುತ್ತಿತ್ತು. ಮೇಜಿನ ಬೋರ್ಡಿನಲ್ಲೂ ಅದು ಹಾಗೆಯೇ ನುಗ್ಗಿತ್ತು. ಅಲ್ಲಿ ಪಕ್ಕದ ಕೋಣೆ ಖಾಲಿ, ಕೇಳುವವರಿರಲಿಲ್ಲ. ಕೈಯನ್ನು ಕೀಲಿಮಣೆಯಿಂದ ಎತ್ತಿ ತೊಡೆಯ ಮೇಲಿಟ್ಟುಕೊಂಡೆ. ಆ ಮೂರು ಕಿಲೋಬೈಟ್ ಯುಎಸ್‌ಬಿಯದಾಗಿರಲಿಲ್ಲ. ನಾನು ತುಂಬಿದ್ದ ಇನ್ನೂರು ಸಮಾಧಾನಗಳದ್ದು. ಅಪಾಯವಾಗದಿರಲೆಂದು ಹೆದರಿ ಹೆದರಿ ಬರೆದದ್ದೇ ಅಪಾಯವಾಗಿ ಬೆಳೆದಿತ್ತು.

ಕೂತು ಒಂದೊಂದನ್ನೇ ತೆಗೆದೆ. ‘ಇನ್ನೂ ಬದುಕಿದ್ದೇನೆ’ ಎಂಬುದನ್ನು ಅಳಿಸುವಾಗ ಕೆಟ್ಟ ಶಕುನದ ಹಾಗೆ ಕಂಡಿತು. ಬೂಟ್‌ಲೋಡರ್ ನೂರ ಇಪ್ಪತ್ತೆರಡಕ್ಕೆ ಇಳಿಯಿತು. ಮೇಜಿನ ಬೋರ್ಡಿಗೆ ಹಾಕಿ ಕೇಬಲ್ ಚುಚ್ಚಿದರೆ ಮತ್ತೆ ಹಳದಿ ಗುರುತು! ಮಾತು ನಿಂತ ಮೇಲೆ ಯಂತ್ರಕ್ಕೆ ಉಸಿರಾಡಲು ಸಮಯವೇ ಸಿಗುತ್ತಿರಲಿಲ್ಲ. ಸಂದೇಶ ಬರೆಯುವ ನೆಪದಲ್ಲಿ ಅದು ಅಷ್ಟು ದಿನ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿತ್ತು. ಹುಡುಕಿ, ಬೇಕಾದ ಒಂದು ಕಡೆ ಕೊಂಚ ಕಾಯುವ ಒಂದೇ ಸಾಲು ಸೇರಿಸಿದೆ, ಸರಿಹೋಯಿತು. ಇನ್ನೂರು ಸಮಾಧಾನಗಳಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದುದು ಅಷ್ಟೇ. ಹಳೆಯದನ್ನು ಅಳಿಸದೆ, ಹೊಸದನ್ನು ಮೊದಲು ಯಂತ್ರದ ತಾತ್ಕಾಲಿಕ ಮೆಮೊರಿಯಲ್ಲಿ ಓಡಿಸಿ ನೋಡಿ ಆಮೇಲೆ ಬರೆಯಬಹುದಿತ್ತಲ್ಲ ಎಂದು ನನ್ನ ಕಸುಬಿನವರು ಕೇಳಬಹುದು. ಆ ಚಿಪ್ಪಿನಲ್ಲಿ ಅದು ಒಗ್ಗುತ್ತಿರಲಿಲ್ಲ, ಎಷ್ಟೋ ಪ್ರಯತ್ನಿಸಿ ಬಿಟ್ಟಿದ್ದೆವು. ಒಂದೇ ಸಲ, ನೇರ ಬರೆಯಬೇಕು.

ಅಳತೆಯನ್ನು ಮೂರು ಸಲ ನೋಡಿದೆ. ಈರಣ್ಣನವರಿಗೂ ಓದಿ ಹೇಳಿದೆ. ರಂಗನಾಥ್ ಸಾರ್ ಕೆಳಗೆ ಹೋಗಿ, ಹತ್ತು ನಿಮಿಷ ಲೇತ್ ನಿಲ್ಲಿಸಿ ಎಂದು ಹೇಳಿ ಬಂದರು. ಕರೆಂಟು ಹೋಗದಿರಲೆಂದು ಯುಪಿಎಸ್ ಮೇಲೆ ಕೈಯಿಟ್ಟು ನಿಂತರು, ಕೈಯಿಂದಲೇ ಕರೆಂಟು ಕೊಡುವವರ ಹಾಗೆ. ಎಂಟರ್ ಒತ್ತಿದೆ. ಅಳಿಸಿತು, ಬರೆಯಿತು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದೆ. ಅದು ಏನೂ ಹೇಳಲಿಲ್ಲ. ಹೇಳುವ ಮಾತನ್ನೆಲ್ಲ ನಾನೇ ಕಿತ್ತಿದ್ದೆನಲ್ಲ. ಬದುಕಿದೆಯೋ ಇಲ್ಲವೋ ತಿಳಿಯುವ ದಾರಿ ಕೇಬಲ್ ಒಂದೇ. ಚುಚ್ಚಿದೆ.

ಆಮೇಲಿನದನ್ನು ನಾನು ನೋಡಲಿಲ್ಲ.

"ಟಿಂಗ್ ಅಂತ್ರಿ" ಎಂದರು ಈರಣ್ಣ. "ಅಕ್ಕಾರ, ಕಣ್ಣು ತಗೀರಿ."

"ಮುಚ್ಚಿದೀನಿ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಉಸಿರು ಹಿಡದಿದ್ರಿ. ಉಸಿರು ಹಿಡದವ್ರು ಕಣ್ಣು ಬಿಟ್ಟಿರ್ತಾರೇನು?"

ತೆರೆದೆ. ಪರದೆಯ ಮೇಲೆ ಹೊಸ ಡ್ರೈವ್ ಇತ್ತು. ಒಳಗೆ ಕಡತಗಳ ಉದ್ದ ಸಾಲು, ಒಂದೂ ಅಲುಗಿರಲಿಲ್ಲ. ಕಾಪಿಗೆ ಹಾಕಿದೆ. ರಂಗನಾಥ್ ಸಾರ್ ಯುಪಿಎಸ್ ಬಿಟ್ಟು ಬಂದು, ಎಲ್ಲರಿಗೂ ಕಾಫಿ ತರಿಸಿದರು. ಈರಣ್ಣ ಲೋಟ ಹಿಡಿದುಕೊಂಡಾಗ ಕಾಫಿ ಅಂಚಿನಿಂದ ತುಳುಕಿ ಅವರ ಅಂಗಿಯ ಮೇಲೆ ಬಿತ್ತು. ಕೆಳಗೆ ಲೇತ್ ಇನ್ನೂ ನಿಂತೇ ಇತ್ತು. ಆಗಷ್ಟೇ ನಾನು ಅವರ ಕೈಯನ್ನು ಸರಿಯಾಗಿ ನೋಡಿದೆ.

"ನಿಮಗೂ ಹೆದರಿಕೆ ಆಗಿತ್ತಾ?" ಎಂದು ಕೇಳಿದೆ.

"ಆಗದ ಇರ್ತೈತೇನ್ರಿ? ಮೂರು ದಿನದಿಂದ ರೊಟ್ಟಿ ಇಳದಿಲ್ಲ. ಅದಕ್ಕ ಬಂದು ಕುಂತೆ. ಖೋಲ್ಯಾಗ ಒಬ್ಬನ ಅಂಜೂದಕ್ಕಿಂತ ನಿಮ್ಮ ಜೋಡಿ ಅಂಜೂದು ಚಲೋ ಅನಸ್ತು."

ಆಮೇಲೆ ನಾನು ಬೇರೆ ಬೇರೆ ಕಂಪನಿಗಳಲ್ಲಿ ಕೆಲಸ ಮಾಡಿದೆ. ಇಂಥ ಕೆಲಸ ಬಂದಾಗಲೆಲ್ಲ ಪಕ್ಕದ ಕುರ್ಚಿಯವರನ್ನು ಒಂದು ನಿಮಿಷ ಕೂರಲು ಕರೆಯುತ್ತೇನೆ. ನಾನೇನು ಮಾಡಬೇಕು ಎಂದು ಅವರು ಕೇಳುತ್ತಾರೆ. ಏನೂ ಬೇಡ, ನನ್ನ ಜೊತೆ ಸ್ವಲ್ಪ ಹೆದರಿ ಎನ್ನುತ್ತೇನೆ.