ಬಾಯಿಯವರ ಕಪಾಟು, ಹೇಮಂತನ ಚಾವಿ

ಕೆಲಸಕ್ಕೆ ಸೇರಿದ ಮೊದಲ ಐದು ತಿಂಗಳು ಹೇಮಂತನ ಪಾಲಿಗೆ ಸಾವಿತ್ರಿಬಾಯಿ ಎಂದರೆ ಪೆನ್ನು, ಪಿನ್ನು ಕೊಡುವವರು. ಬೇಗಂಪೇಟೆ ಆಫೀಸಿನ ಮೂಲೆಯಲ್ಲಿ ಕೂತು, ಸೊಂಟದ ಗೊಂಚಲಿನಿಂದ ಕಪಾಟಿನ ಚಾವಿ ತೆಗೆಯುವ ಐವತ್ತು ದಾಟಿದ ಹೆಂಗಸು ಇನ್ನೇನಾಗಿರಲು ಸಾಧ್ಯ? ಎಂಜಿನಿಯರಿಂಗ್ ಓದಿದವನ ತರ್ಕ. ಎಲ್ಲರಂತೆ ಅವನೂ ‘ಬಾಯಿ’ ಎಂದೇ ಕರೆಯುತ್ತಿದ್ದ; ಒಮ್ಮೆ ಸ್ಟೇಪ್ಲರ್ ತಡವಾಯಿತೆಂದು ಅವರಿಗೆ ಹುಬ್ಬು ಗಂಟಿಕ್ಕಿಯೂ ತೋರಿಸಿದ್ದ.

ಆರನೇ ತಿಂಗಳ ಕೊನೆಯ ದಿನ. ಸಂಜೆ ಐದರೊಳಗೆ ಅವನು ಬರೆದ ಪ್ರೋಗ್ರಾಮಿನ ಕೋಡು, ಕಂಪನಿಯ ಕೋಡನ್ನೆಲ್ಲ ಕೂಡಿಡುವ ಗಿಟ್ ಸರ್ವರಿಗೆ ಸೇರಿದರೆ ನೌಕರಿ ಕಾಯಂ. ಇಲ್ಲದಿದ್ದರೆ ಮ್ಯಾನೇಜರ್ ವಿಜಯಕುಮಾರರು ‘ನೋಡೋಣ’ ಎನ್ನುತ್ತಾರೆ. ಅವರು ಯಾರಿಗೆ ಹಾಗೆಂದರೋ, ಆ ಮನುಷ್ಯನನ್ನು ಆಮೇಲೆ ಆಫೀಸಿನಲ್ಲಿ ಯಾರೂ ನೋಡಿದ್ದಿಲ್ಲ. ಅಂದು ಹೇಮಂತ ಕೂತಿದ್ದು ಊರಿನ ಇನ್ನೊಂದು ತುದಿಯ ಮಾದಾಪುರದ ಗ್ರಾಹಕರ ಕಚೇರಿಯಲ್ಲಿ, ಸರ್ವರ್ ಇದ್ದದ್ದು ಬೇಗಂಪೇಟೆಯಲ್ಲಿ. ದೂರದಿಂದ ಲಾಗಿನ್ ಆಗಲು ಅವನ ಬಳಿ ಚಾವಿಯಂಥ ಒಂದು ಗುಟ್ಟಿನ ಫೈಲಿತ್ತು. ಬೆಳಿಗ್ಗೆ ಹೊಸ ಲ್ಯಾಪ್‌ಟಾಪಿಗೆ ಅದನ್ನು ನಕಲು ಮಾಡುವಾಗ, ಮುಂದೆ ತೊಡಕಾಗದಿರಲೆಂದು, ಯಾರು ಬೇಕಾದರೂ ಓದಬಹುದೆಂಬ ಅನುಮತಿಯನ್ನೂ ಕೊಟ್ಟಿದ್ದ. ಉದಾರ ಮನಸ್ಸು.

ಲಾಗಿನ್ ಮಾಡಿದರೆ ಪರದೆಯ ಮೇಲೆ ನಾಲ್ಕಾರು ಸಾಲು, ಕೊನೆಗೆ ‘ಪ್ರವೇಶವಿಲ್ಲ’. ಇಪ್ಪತ್ತು ಸಲ ಹಾಗೇ. ಸರ್ವರ್ ಕೆಟ್ಟಿದೆ ಎಂದು ನಲವತ್ತು ಜನರಿಗೆ ಮೇಲ್ ಹಾಕಿ, ಮೆಟ್ರೋ ಹತ್ತಿ ಬೇಗಂಪೇಟೆಗೆ ಬಂದ. ದೂರದಿಂದ ಆಗದ್ದು ಹತ್ತಿರ ಹೋದರೆ ಆದೀತೆಂಬ, ದರ್ಗಾಕ್ಕೆ ಹೋಗುವವರ ನಂಬಿಕೆ. ಸರ್ವರ್ ನೋಡಿಕೊಳ್ಳುವವರು ಯಾರೆಂದು ವಾಚ್‌ಮನ್‌ನನ್ನು ಕೇಳಿದರೆ, ಅವನು ಬೆರಳು ಮಾಡಿದ್ದು ಮೂಲೆಯ ಕಪಾಟಿನ ಕಡೆಗೆ.

ಹುಮನಾಬಾದಿನ ಸಾವಿತ್ರಿಬಾಯಿ ಇಪ್ಪತ್ತಾರು ವರ್ಷದ ಹಿಂದೆ ಟೆಲಿಫೋನ್ ಆಪರೇಟರ್ ಆಗಿ ಬಂದವರು. ಸರ್ವರ್ ನೋಡಿಕೊಳ್ಳುತ್ತಿದ್ದ ಗಂಡಸರು ಒಬ್ಬೊಬ್ಬರಾಗಿ ಹೆಚ್ಚಿನ ಸಂಬಳದ ಕಡೆ ಜಾರುತ್ತ, ಎರಡು ದಿನ ನೋಡಿಕೊಳ್ಳಿ ಎಂದು ಇವರಿಗೆ ಹೇಳಿ ಹೋದರು. ಆ ಎರಡು ದಿನಕ್ಕೆ ಈಗ ಹನ್ನೊಂದು ವರ್ಷ. ಬೇಕಾದ್ದನ್ನು ಪುಸ್ತಕ ನೋಡಿ ಕಲಿತರು. ಪೆನ್ನಿನ ಕಪಾಟೂ ಹಾಗೇ ಗಂಟುಬಿದ್ದದ್ದು.

“ಮೇಡಂ,” ಎಂದ ಹೇಮಂತ.

“ನಿನ್ನಿತನಕ ಬಾಯಿ ಇದ್ದೆ. ಏನ್ ಬೇಕು, ಪಿನ್ನೇನು?”

ಅವನು ಅಳಲು ತೋಡಿಕೊಂಡ. ಅವರು ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಕೊನೆಯ ಸಾಲು ಬಿಟ್ಟು ಮ್ಯಾಲಿಂದು ಓದು ಎಂದರು. ಓದಿದ. ನಿನ್ನ ಚಾವಿಯ ಫೈಲು ಎಲ್ಲರಿಗೂ ತೆರೆದಿದೆ, ಅದಕ್ಕೇ ಬಳಸುವುದಿಲ್ಲ ಎಂದು ಯಂತ್ರ ಮೂರು ತಾಸಿನಿಂದ ಹೇಳುತ್ತಲೇ ಇತ್ತು.

“ಮನೀ ಚಾವಿ ಓಣ್ಯಾಗ ನೇತುಹಾಕಿ, ಬಾಗಲದ ಕೀಲಿ ಕೆಟ್ಟೈತಿ ಅಂತ ಡಂಗುರ ಹೊಡದೀಯಲ್ಲೋ ತಮ್ಮಾ.”

ಆ ಚಾವಿ ಇನ್ನು ಯಾರ ಕಣ್ಣಿಗೆ ಬಿದ್ದಿದೆಯೋ ಎಂದು, ಅದನ್ನು ಸರ್ವರಿನಿಂದ ತೆಗೆದು, ಚಾವಿಗಳ ರಿಜಿಸ್ಟರಿನಲ್ಲಿ ಗೀಟು ಹಾಕಿ, ಹೊಸದನ್ನು ಮಾಡಿಸಿದರು. ಈ ಸಲ ಅವನೊಬ್ಬನೇ ಓದುವಂತೆ. ಐದಕ್ಕೆ ಎಂಟು ನಿಮಿಷವಿರುವಾಗ ಕೋಡು ಒಳಗೆ ಹೋಯಿತು.

ಅಷ್ಟರಲ್ಲಿ ವಿಜಯಕುಮಾರರು, ಹೇಮಂತನ ಮೇಲ್ ತೆರೆದಿದ್ದ ಫೋನು ಹಿಡಿದು ಬಂದು ನಿಂತರು. ಅವರೂ ಕನ್ನಡದವರೇ, ರಾಯಚೂರಿನ ಕಡೆಯವರು. ಹೇಮಂತನನ್ನು ದಾಟಿ ಬಾಯಿಯವರನ್ನೇ ಕೇಳಿದರು: “ಸರ್ವರ್ ಖರೇನ ಕೆಟ್ಟಿತ್ತೇನ್ರಿ?”

ಹೇಮಂತ ಬಾಯಿಯವರ ಮೇಜಿನ ಮೇಲಿದ್ದ ಸ್ಟೇಪ್ಲರನ್ನೇ ನೋಡುತ್ತ ನಿಂತ.

“ಸರ್ವರ್ ಛಲೋ ಐತ್ರಿ,” ಎಂದರು ಸಾವಿತ್ರಿಬಾಯಿ. “ಈ ಹುಡುಗಗ ಓದಾಕ ಬರ್ತಿರಲಿಲ್ಲ. ಇವತ್ತ ಕಲ್ತಾನ, ಇಟ್ಕೊಳ್ರಿ.”