ಕಮರಿಯಾಚೆಯ ಊಟ

ನನ್ನ ತವರಿಗೆ ರಸ್ತೆಯಿಲ್ಲ. ಕನಕಪುರದಲ್ಲಿ ಬಸ್ಸು ಹತ್ತಿ ಕಾಡಂಚಿನ ಕೊನೆಯ ಸ್ಟಾಪಿನಲ್ಲಿ ಇಳಿದು, ಅಲ್ಲಿಂದ ಆಳದ ಕಮರಿಯೊಂದನ್ನು ಇಳಿದು, ತಳದ ಹಳ್ಳ ದಾಟಿ, ಎದುರಿನ ಬೆಟ್ಟ ಹತ್ತಬೇಕು. ನಡುವೆ ಇರುವುದೆಲ್ಲ ಕಾಡಿನ ಜಾಗವಾದ್ದರಿಂದ ರಸ್ತೆ ಮಾಡುವ ಹಾಗಿಲ್ಲವಂತೆ. ಚುನಾವಣೆ ಬಂದಾಗ ಆಗುತ್ತದೆ ಎನ್ನುತ್ತಾರೆ, ಆಮೇಲೆ ಅವರಿಗೂ ಮರೆಯುತ್ತದೆ, ನಮಗೂ ಮರೆಯುತ್ತದೆ. ಈಚೆಗೆ ಬೆಂಗಳೂರಿನ ಹುಡುಗ ಹುಡುಗಿಯರು ರಜೆ ದಿನ ಬೆನ್ನಿಗೆ ಚೀಲ ಏರಿಸಿಕೊಂಡು ಬಂದು, ಈ ಕಮರಿಯನ್ನು ಇಳಿದು ಹತ್ತಿ ಫೋಟೊ ತೆಗೆದುಕೊಂಡು, ಅದನ್ನು ಟ್ರೆಕ್ಕಿಂಗ್ ಅನ್ನುತ್ತಾರೆ. ನಾನು ಅದನ್ನೇ ವರ್ಷಗಟ್ಟಲೆ ಮಾಡಿದ್ದೇನೆ, ರೇಷ್ಮೆ ಸೀರೆ ಉಟ್ಟುಕೊಂಡು, ಹೆಣ್ಣಿನ ಕಡೆಯವರನ್ನು ಹಿಂದೆ ಕಟ್ಟಿಕೊಂಡು.

ನಾನು ಮದುವೆಯಾಗಿ ಚನ್ನಪಟ್ಟಣ ಸೇರಿದವಳು. ಅಲ್ಲಿ ನಾಲ್ಕು ಜನರ ಪರಿಚಯ ಇದೆಯೆಂದು ತಮ್ಮನಿಗೆ ಹೆಣ್ಣು ಹುಡುಕುವ ಕೆಲಸ ನನ್ನ ತಲೆಗೇ ಬಿತ್ತು. ತಮ್ಮ ಒಂದಷ್ಟು ಕಾಲ ಬಿಡದಿಯ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಮಾಡಿ, ಅಪ್ಪ ತೀರಿಕೊಂಡ ಮೇಲೆ ಹೊಲ, ಹಸು, ಅವ್ವ ಎಂದು ವಾಪಸ್ಸು ಬಂದವನು. ಬೀಡಿ ಇಲ್ಲ, ಕುಡಿತ ಇಲ್ಲ, ಜೋರು ಮಾತೂ ಇಲ್ಲ. ಹುಡುಗ ಅಪ್ಪಟ ಚಿನ್ನ ಎಂದು ಎಲ್ಲರೂ ಒಪ್ಪುತ್ತಿದ್ದರು. ಮನೆ ನೋಡಲು ಹೊರಟ ಮೇಲೆ ಅವರಿಗೆ ಕಮರಿ ಕಾಣುತ್ತಿತ್ತು.

ನಮ್ಮಲ್ಲೊಂದು ಪದ್ಧತಿ ಇದೆ. ಗಂಡಿನ ಮನೆ ನೋಡಲು ಬಂದವರು ಕಾಫಿ ಕುಡಿಯಬಹುದು, ಬಾಳೆಹಣ್ಣು ತಿನ್ನಬಹುದು. ಊಟಕ್ಕೆ ಕೂತರೆ ಮಾತ್ರ ಸಂಬಂಧ ಒಪ್ಪಿದ ಹಾಗೆ. ಪೇಟೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಬೇಡವೆನ್ನಿಸಿದರೆ ಬೀದಿ ಕೊನೆಯ ಹೋಟೆಲಿನಲ್ಲಿ ಉಂಡು ಹೋಗುತ್ತಾರೆ. ನಮ್ಮೂರಿನಲ್ಲಿ ಹೋಟೆಲು ಎಲ್ಲಿಂದ ಬರಬೇಕು? ಅವ್ವ ಪ್ರತಿ ಸಲವೂ ಹುರುಳಿಕಾಳಿನ ಸಾರು, ಶಾವಿಗೆ ಪಾಯಸ ಮಾಡಿ, ಮುದ್ದೆಗೆ ಎಸರಿಟ್ಟು ಕಾಯುತ್ತಿದ್ದಳು. ಬಂದವರು ಕಾಫಿ ಕುಡಿದು, "ಮನೇಲಿ ಮಾತಾಡಿ ತಿಳಿಸ್ತೀವಿ" ಎಂದು ಎದ್ದು, ಹಸಿದ ಹೊಟ್ಟೆಯಲ್ಲೇ ಕಮರಿ ಹತ್ತುತ್ತಿದ್ದರು. ಅವರನ್ನು ಬಸ್ಸಿಗೆ ಬಿಡಲು ನಾನೂ ಹಸಿದುಕೊಂಡೇ ಹತ್ತುತ್ತಿದ್ದೆ.

ಆ ದಾರಿಯಲ್ಲಿ ಯಾರು ಎಲ್ಲಿ ಏನು ಕೇಳುತ್ತಾರೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಮೊದಲ ತಿರುವಿನಲ್ಲಿ "ಇನ್ನೂ ಎಷ್ಟು ದೂರ?" ನನ್ನ ಉತ್ತರ, "ಇನ್ನೇನು ಬಂತು." ಆನೆ ಲದ್ದಿ ಕಂಡರೆ ಅದಕ್ಕೆ ಅಡ್ಡ ನಿಂತು, ಎದುರು ಗುಡ್ಡದ ಕಡೆ ಕೈ ತೋರಿಸಿ ಸುಳ್ಳೋ ನಿಜವೋ ಏನಾದರೊಂದು ಕಥೆ ಹೇಳುತ್ತಿದ್ದೆ. ತಳ ಮುಟ್ಟಿ, ಎರಡೂ ಕಡೆ ಬಂಡೆ ಗೋಡೆಯಾಗಿ ನಿಂತು, ಮೇಲೆ ಆಕಾಶ ಒಂದು ಸೀಳಷ್ಟೇ ಉಳಿದಾಗ ಹೆಣ್ಣು ಹೆತ್ತವರು ಮಾತು ನಿಲ್ಲಿಸುತ್ತಿದ್ದರು. ಅಲ್ಲಿಂದಾಚೆಗೆ ಅವರು ನಡೆಯುತ್ತಿದ್ದದ್ದು ಬರೀ ಮರ್ಯಾದೆಗೆ. ನನಗೂ ಅಲ್ಲಿಯೇ ಗೊತ್ತಾಗಿಬಿಡುತ್ತಿತ್ತು, ಆದರೂ ನಗುನಗುತ್ತಾ ಬೆಟ್ಟ ಹತ್ತಿಸಬೇಕಿತ್ತು. ಆ ನಗುವಿನಷ್ಟು ಸುಸ್ತು ನನಗೆ ಯಾವ ಏರಿನಲ್ಲೂ ಆಗಿಲ್ಲ.

ಹೋದ ಬೇಸಿಗೆಯಲ್ಲಿ ಕೈಲಾಂಚದ ಕಡೆಯ ಗಂಡಹೆಂಡತಿ ಬಂದರು. ಹಿಪ್ಪುನೇರಳೆ ತೋಟವಿದ್ದ ಅನುಕೂಲಸ್ಥರು, ಡಿಗ್ರಿ ಓದಿದ ಒಬ್ಬಳೇ ಮಗಳು. ಹೆಣ್ಣು ನೋಡಲು ಹೋದಾಗ ಮಗಳಿಗೆ ನನ್ನ ತಮ್ಮ ಹಿಡಿಸಿದ್ದ. ಉಳಿದದ್ದು ಮನೆ ನೋಡುವುದೊಂದೇ ಎಂದು ನನಗೆ ಆಸೆ ಹುಟ್ಟಿತ್ತು. ಹೆಣ್ಣಿನ ತಾಯಿಗೆ ಮಂಡಿನೋವು. ಹಳ್ಳದ ಹತ್ತಿರ ಬರುವಷ್ಟರಲ್ಲಿ ಆಕೆ ಬಂಡೆಯ ಮೇಲೆ ಕುಸಿದು ಕೂತರು. ನೀರು ಕುಡಿಸಿದೆ. ಸುಧಾರಿಸಿಕೊಂಡು ನನ್ನ ಮುಖ ನೋಡಿ ಕೇಳಿದರು:

"ನನ್ ಮಗ್ಳು ಬಸ್ರಿಯಾದ್ರೆ ಇಲ್ಲಿಂದ ಆಸ್ಪತ್ರೆಗೆ ಎಂಗವ್ವ ಕರ್ಕೊಂಡೋಯ್ತೀರ?"

ಅಲ್ಲಿಯವರೆಗೆ ಯಾರೂ ಇದನ್ನು ಬಾಯಿಬಿಟ್ಟು ಕೇಳಿರಲಿಲ್ಲ. ಸುಳ್ಳು ಹೇಳಲು ನನ್ನಲ್ಲಿ ತ್ರಾಣವಿರಲಿಲ್ಲ. "ಕಂಬಳೀಲಿ ಒತ್ಕೊಂಡು" ಎಂದೆ. ಆಕೆ ತಲೆಯಾಡಿಸಿ ಎದ್ದು ನಡೆದರು.

ಮನೆಯಲ್ಲಿ ಕಾಫಿಯಾಯಿತು. ಹೆಣ್ಣಿನ ಕಡೆಯ ಯಜಮಾನರು ಕೊಟ್ಟಿಗೆ ನೋಡಿದರು, ಹಸುವಿನ ಬೆನ್ನು ತಟ್ಟಿದರು. "ಒತ್ತಾಯ್ತು, ಬತ್ತೀವಿ" ಎಂದು ಟವಲು ಕೊಡವಿದರು. ಅವರ ಹೆಂಡತಿ ಮಾತ್ರ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಒಳಗಿನಿಂದ ಸಾರಿನ ವಾಸನೆ ಬರುತ್ತಿತ್ತು. ಆಕೆಯ ಹಸಿವನ್ನು ಕಂಡು ನನಗೆ ಮರುಕಕ್ಕಿಂತ ಮೊದಲು ಆಸೆಯೇ ಆಯಿತು. ಕಾಲು ಸೋತು ಆಕೆ ಊಟಕ್ಕೆ ಕೂತುಬಿಟ್ಟರೆ ಗಂಡ ಏನು ತಾನೆ ಮಾಡಿಯಾನು? ಇನ್ನೊಂದು ಗಳಿಗೆ ಸುಮ್ಮನಿದ್ದು ನೋಡೋಣ ಎಂದುಕೊಂಡೆ.

ಅಷ್ಟರಲ್ಲಿ ತಮ್ಮ ಮುತ್ತುಗದ ಎಲೆಗಳನ್ನು ತಂದು ಅವರ ಮುಂದೆ ಹಾಸಿದ.

"ಊಟ ಎಲ್ಲ ಬ್ಯಾಡ ಕಣಪ್ಪ" ಎಂದು ಯಜಮಾನರು ಗಾಬರಿಬಿದ್ದರು.

"ನೀವು ಒಪ್ಪಿಲ್ಲ ಅಂತ ಗೊತ್ತು ಯಜಮಾನ್ರೆ. ಈ ಊಟ ಲೆಕ್ಕಕ್ಕಿಲ್ಲ. ನಾಳೆ ಯಾರೂ ಏನೂ ಕೇಳಕಿಲ್ಲ. ಆಯಮ್ಮ ಅಸ್ಕೊಂಡು ಆ ಕಮ್ರಿ ಅತ್ತೋಕಾಗಕಿಲ್ಲ. ಒಸಿ ಉಂಡು ಓಗಿ."

ನನಗೆ ಮೈಯೆಲ್ಲ ಉರಿದುಹೋಯಿತು. ಇದ್ದ ಒಂದೇ ಒಂದು ದಾರಿಯನ್ನು ಈ ದಡ್ಡ ತಾನಾಗಿಯೇ ಮುಚ್ಚಿಬಿಟ್ಟನಲ್ಲ! ಅವರು ಕೂತರು. ಮೊದಲು ನಾಚಿಕೊಂಡು, ಆಮೇಲೆ ಹೊಟ್ಟೆತುಂಬ ಉಂಡರು.

ಅಡುಗೆಮನೆಯಲ್ಲಿ ಅವ್ವ ಮುದ್ದೆ ಕಟ್ಟುತ್ತಿದ್ದಳು. ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಕಳೆ. ಸಂಬಂಧ ಕುದುರಿತೆಂದು ತಿಳಿದುಕೊಂಡಿದ್ದಾಳೆ, ಹೇಗೆ ಹೇಳಲಿ ಎಂದು ನಾನು ಬಾಗಿಲಲ್ಲೇ ನಿಂತೆ.

"ಕೇಳುಸ್ಕೊಂಡೆ ಬುಡು, ನಂಗೇನು ಕಿವುಡಾ?" ಎಂದಳು ಅವ್ವ. "ಉಂಡ್ರಲ್ಲ, ಸಾಕು. ಆಯಮ್ಮುಂಗೆ ಇನ್ನೊಸಿ ಸಾರು ಬೇಕಾ, ಕೇಳೋಗು."

ವಾಪಸ್ಸು ಹೋಗುವಾಗ ತಮ್ಮನೂ ಬಂದ. ಕಡಿದಾದ ಕಡೆ ಆಕೆಯನ್ನು ಹೆಚ್ಚುಕಡಿಮೆ ಹೊತ್ತೇ ಹತ್ತಿಸಿದ. ಬಸ್ಸು ಬಂದಾಗ ಆಕೆ ಅವನ ಗಲ್ಲ ಮುಟ್ಟಿ, "ನಿನ್ನಂತೋನು ಸಿಕ್ಕಕಿಲ್ಲ ಕಣಪ್ಪ. ಆದ್ರೆ ನಾನು ಎತ್ತ ತಾಯಿ" ಎಂದು ಅಳುತ್ತಾ ಹತ್ತಿದರು. ಬಸ್ಸು ತಿರುಗಿಕೊಂಡು ಹೋಯಿತು. ನಾನು ಮುಂದಿನ ಬಸ್ಸಿಗೆಂದು ಉಳಿದೆ. ಅವರ ಜೊತೆ ಕೂತು ಮಾತಾಡುವ ಶಕ್ತಿ ನನಗಿರಲಿಲ್ಲ.

"ಇನ್ಯಾರ್ನೂ ಕರ್ಕೊಂಡ್ಬರ್ಬ್ಯಾಡ ಕಣಕ್ಕ. ಸಾಕು" ಎಂದ ತಮ್ಮ.

ಬೈಯಬೇಕಿತ್ತು, ಧೈರ್ಯ ಹೇಳಬೇಕಿತ್ತು. "ಆಯ್ತು" ಎಂದುಬಿಟ್ಟೆ. ಎದೆಯ ಮೇಲಿನ ಚಪ್ಪಡಿಕಲ್ಲು ಇಳಿಸಿದಂತೆ ಹಗುರವಾಯಿತು. ತಮ್ಮ ಒಂಟಿಯಾಗಿ ಉಳಿಯುತ್ತಾನೆ, ನನಗೆ ನಿರಾಳವಾಗುತ್ತಿದೆ! ನಾಚಿಕೆಯಾಗಿ ಅಳು ಬಂತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ನಂಗೆ ಸಾಕಾಗೋಗಿತ್ತು ಕಣೊ" ಎಂದೆ.

"ಅದುಕ್ಯಾಕೆ ಅಳ್ತೀಯ? ನಂಗೂ ಸಾಕಾಗೋಗಿತ್ತು" ಎಂದ ಅವನು. ಹಾಲು ಕರೆಯುವ ಹೊತ್ತಾಯಿತೆಂದು ಕಮರಿ ಇಳಿದು ಹೋದ.